ತಲಪಾಡಿ ದಾಟಿದರೆ ಅಗ್ಗವೇ?

ನಮ್ಮ ಊರುಗಳಲ್ಲಿ ಒಂದು ಮದುವೆ ನಿಶ್ಚಯವಾಯಿತೆಂದರೆ ಮನೆಯ ಹಿರಿಯರ ಬಾಯಿಯಿಂದ ಹೊರಡುವ ಮೊದಲ ಮಾತು, "ಜವುಳಿಗೆ ಮಂಗಳೂರಿಗೆ ಯಾವಾಗ ಹೋಗುವುದು?" ಎಂಬುದು. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಕೊಡೆ, ಚೀಲ, ಪುಸ್ತಕಗಳಿಗೂ ಮಂಗಳೂರೇ. ಹಬ್ಬ ಬಂದರೆ ಜೀನಸು ಸಾಮಾನಿಗೂ ಮಂಗಳೂರೇ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಲ್ಲಿ ಕ್ರಯ ಕಡಿಮೆ." ಕಾಸರಗೋಡಿನಿಂದ ಮಂಜೇಶ್ವರದವರೆಗೆ, ಬದಿಯಡ್ಕದಿಂದ ಪೆರ್ಲದವರೆಗೆ ಕನ್ನಡ ಮನೆಗಳಲ್ಲಿ ಈ ನಂಬಿಕೆ ಬೇರೂರಿ ಕುಳಿತಿದೆ. ಇದು ಎಷ್ಟರಮಟ್ಟಿಗೆ ನಿಜ, ನಿಜವಲ್ಲದಿದ್ದರೆ ಅದರಿಂದ ನಮಗೆ ಒದಗುವ ನಷ್ಟವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಮಂಗಳೂರಿಗೂ ನಮಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಮಂಗಳೂರು ನಮ್ಮ ಜಿಲ್ಲಾ ಕೇಂದ್ರವಾಗಿತ್ತು. ಕೋರ್ಟು, ಕಾಲೇಜು, ಆಸ್ಪತ್ರೆ, ಬಂದರಿನ ಸಗಟು ಮಂಡಿ ಎಲ್ಲವೂ ಅಲ್ಲಿ. ನಮ್ಮ ಅಜ್ಜಂದಿರು ಅಡಿಕೆ, ಕರಿಮೆಣಸುಗಳನ್ನು ಅಲ್ಲಿಗೆ ಒಯ್ದು ಮಾರಿ, ಬರುವಾಗ ಬೇಕಾದ ಸಾಮಾನು ತರುತ್ತಿದ್ದರು. ನಡುವೆ ಒಂದು ಗೆರೆ ಬಿದ್ದಿತೆಂದು ಕಾಲು ಹಾದಿಯನ್ನು ಮರೆಯಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಭಾರತದ ಒಳಗೆ ಎಲ್ಲಿ ಬೇಕಾದರೂ ವ್ಯಾಪಾರ ಮಾಡುವ ಸ್ವಾತಂತ್ರ್ಯವನ್ನು ಸಂವಿಧಾನದ 301ನೆಯ ವಿಧಿಯೇ ಕೊಟ್ಟಿದೆ.

ದೇಶದೇಶಗಳ ನಡುವಣ ಗಡಿಯ ಮಾತು ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಎಲ್ಲವೂ ತುಟ್ಟಿಯಾದ್ದರಿಂದ ಅಲ್ಲಿನ ಜನ ಗಡಿ ದಾಟಿ ಜರ್ಮನಿಯ ಕಾನ್ಸ್ಟಾನ್ಸ್ ಎಂಬ ಪಟ್ಟಣಕ್ಕೆ ಮನೆಸಾಮಾನಿಗೆ ಹೋಗುತ್ತಾರೆ. ತನ್ನ ಅಂಗಡಿಕಾರರಿಗೆ ಏಟು ಬೀಳುವುದನ್ನು ಕಂಡ ಆ ದೇಶ, ತೆರಿಗೆಯಿಲ್ಲದೆ ತರಬಹುದಾದ ಸಾಮಾನಿನ ಮಿತಿಯನ್ನು 2025ರ ಜನವರಿ 1ರಿಂದ ಒಬ್ಬರಿಗೆ ದಿನಕ್ಕೆ 300 ಫ್ರಾಂಕಿನಿಂದ 150 ಫ್ರಾಂಕಿಗೆ ಇಳಿಸಿತು. ನಮ್ಮ ನೆರೆಯ ನೇಪಾಳದ ತಪ್ಪಲಿನ ಜನ ಭಾರತದ ಪೇಟೆಗಳಿಂದ ಅಕ್ಕಿ, ಬೇಳೆ, ಬಟ್ಟೆ ಒಯ್ಯುವುದು ತಲೆತಲಾಂತರದ ವಾಡಿಕೆ. 100 ನೇಪಾಳಿ ರೂಪಾಯಿಗಿಂತ ಹೆಚ್ಚಿನ ಸಾಮಾನಿಗೆ ಸುಂಕ ತೆರಬೇಕೆಂಬ ನಿಯಮವನ್ನು ಅಲ್ಲಿನ ಸರಕಾರ 2023ರಲ್ಲಿ ಬಿಗಿ ಮಾಡಿದಾಗ ಗಡಿಯ ಬಡವರು ಬೀದಿಗಿಳಿದು ಪ್ರತಿಭಟಿಸಿದರು. ಅಂದರೆ ಅಲ್ಲೆಲ್ಲ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಒಂದು ಸರಕಾರ ನಿಂತು ಲೆಕ್ಕ ನೋಡುತ್ತದೆ. ತಲಪಾಡಿಯಲ್ಲಿ ಹಾಗಿಲ್ಲ. ನಮ್ಮ ಚೀಲ ಬಿಚ್ಚಿಸಿ ಬೆಲೆ ಕೇಳುವವರಿಲ್ಲ. ಆದುದರಿಂದ ಆ ಲೆಕ್ಕವನ್ನು ನಾವೇ ನೋಡಿಕೊಳ್ಳಬೇಕಾಗಿದೆ.

ಹಿಂದೆ ನಿಜವಾಗಿಯೂ ವ್ಯತ್ಯಾಸವಿತ್ತು ಎಂಬುದನ್ನು ಒಪ್ಪಲೇಬೇಕು. ಪ್ರತಿಯೊಂದು ರಾಜ್ಯವೂ ತನ್ನ ಮನಸ್ಸಿಗೆ ಬಂದಂತೆ ಮಾರಾಟ ತೆರಿಗೆ ಹಾಕುತ್ತಿದ್ದ ಕಾಲ ಅದು. ಪೊಟ್ಟಣದ ಮೇಲೆ ಒಂದು ಬೆಲೆ ಅಚ್ಚು ಹಾಕಿ, ಪಕ್ಕದಲ್ಲಿ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂದು ಬರೆಯುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಒಂದೇ ಸಾಬೂನಿಗೆ ಹೊಸಂಗಡಿಯಲ್ಲಿ ಒಂದು ಕ್ರಯ, ತೊಕ್ಕೊಟ್ಟಿನಲ್ಲಿ ಇನ್ನೊಂದು ಕ್ರಯವಾಗಲು ಇದೇ ಕಾರಣ. ಮುಂದೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನೇ ಅಚ್ಚು ಹಾಕಬೇಕೆಂಬ ನಿಯಮ ಬಂತು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾಗಿ, ಯಾವ ಸಾಮಾನಿಗೆ ಎಷ್ಟು ತೆರಿಗೆ ಎಂಬುದು ಎರಡು ರಾಜ್ಯಗಳಲ್ಲಿಯೂ ಒಂದೇ ಆಯಿತು. ಗಡಿಯ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳೂ ಅದರೊಂದಿಗೆ ಹೋದವು.

ಆಮೇಲೆ ಒಂದು ಸಲ ಮಾತ್ರ ಸಣ್ಣ ವ್ಯತ್ಯಾಸ ಮತ್ತೆ ತಲೆಯೆತ್ತಿತು. 2018ರ ಮಹಾಪ್ರವಾಹದ ನಂತರ ಪುನರ್ನಿರ್ಮಾಣಕ್ಕೆಂದು ಕೇರಳ ಸರಕಾರವು 2019ರ ಆಗಸ್ಟ್ 1ರಿಂದ ಹೆಚ್ಚಿನ ತೆರಿಗೆಯ ಸಾಮಾನುಗಳ ಮೇಲೆ ನೂರಕ್ಕೆ 1 ರೂಪಾಯಿಯ ಪ್ರವಾಹ ಸೆಸ್ಸು ಹಾಕಿತು. 2021ರ ಜುಲೈ 31ಕ್ಕೆ ಅದು ಕೊನೆಗೊಂಡಿತು. ಆದರೆ ಅದು ಇನ್ನೂ ಇದೆಯೆಂದೇ ನಂಬಿ ಮಂಗಳೂರಿನಿಂದ ಫ್ರಿಜ್ಜು, ಟೀವಿ ಹೊತ್ತು ತರುವವರನ್ನು ನಾವು ಬಲ್ಲೆವು. ತೆರಿಗೆ ಹೋದರೂ ಅದರ ನೆನಪು ಮಾತ್ರ ನಮ್ಮ ತಲೆಯಿಂದ ಹೋಗಿಲ್ಲ.

ಹಾಗಾದರೆ ಈಗ ನಿಜವಾಗಿ ವ್ಯತ್ಯಾಸವಿರುವುದು ಯಾವುದರಲ್ಲಿ? ಮುಖ್ಯವಾಗಿ ಜಿಎಸ್‌ಟಿಯ ಹೊರಗುಳಿದ ಎರಡು ಬಾಬುಗಳಲ್ಲಿ. ಒಂದು ಪೆಟ್ರೋಲು, ಡೀಸೆಲು. ಇನ್ನೊಂದು ಮದ್ಯ. ಮದ್ಯದ ವಿಷಯ ಇಲ್ಲಿ ಬೇಡ. ಅದನ್ನು ಗಡಿಯಾಚೆಯಿಂದ ಕದ್ದು ತರುವವರ ಕಥೆ ಅಬಕಾರಿ ಪ್ರಕರಣಗಳಾಗಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಮನೆಮಂದಿಗೆ ಅದರಿಂದ ಲಾಭವಾದುದನ್ನು ನಾವು ಕಂಡಿಲ್ಲ.

ಪೆಟ್ರೋಲಿನ ಮಾತು ನಿಜ. 2021ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅಬಕಾರಿ ಸುಂಕ ಇಳಿಸಿದಾಗ ಕರ್ನಾಟಕ ತನ್ನ ತೆರಿಗೆಯಲ್ಲಿಯೂ ಲೀಟರಿಗೆ 7 ರೂಪಾಯಿ ಬಿಟ್ಟಿತು. ಕೇರಳ ಆಗ ತನ್ನ ಪಾಲಿನಿಂದ ಬೇರೆ ಇಳಿಸಲಿಲ್ಲ. 2023ರ ಏಪ್ರಿಲಿನಿಂದ ಕೇರಳ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ 2 ರೂಪಾಯಿ ಸೆಸ್ಸು ಸೇರಿಸಿತು. ಗಡಿಯಾಚೆಯ ಬಂಕುಗಳಲ್ಲಿ ಕೆ.ಎಲ್. ನಂಬರಿನ ವಾಹನಗಳ ಸಾಲು ಬೆಳೆದದ್ದು ಹೀಗೆ. ಆದರೆ 2024ರ ಜೂನಿನಲ್ಲಿ ಕರ್ನಾಟಕವೂ ತೆರಿಗೆ ಏರಿಸಿ ಪೆಟ್ರೋಲು, ಡೀಸೆಲುಗಳ ಕ್ರಯ 3 ರೂಪಾಯಿಯಷ್ಟು ಹೆಚ್ಚಾಯಿತು. 2025ರ ಏಪ್ರಿಲಿನಲ್ಲಿ ಡೀಸೆಲು ಮತ್ತೆ 2 ರೂಪಾಯಿ ಏರಿತು. ಅಂತರ ಕಿರಿದಾಗುತ್ತ ಬಂದಿದೆ ಎಂಬುದನ್ನು ನಾವು ಗಮನಿಸಬೇಕು.

ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಲಾಭ ನಷ್ಟದ ಪಾಠ ಮಾಡುವಾಗ ನಾವು ಇದನ್ನೇ ಒಂದು ಲೆಕ್ಕವಾಗಿ ಮಕ್ಕಳಿಗೆ ಕೊಟ್ಟೆವು. ಸ್ಕೂಟರಿಗೆ 5 ಲೀಟರು ಹಾಕಿಸುವವನಿಗೆ ಗಡಿಯಾಚೆ ಲೀಟರಿಗೆ 5 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಉಳಿತಾಯ 25 ರೂಪಾಯಿ. ಕುಂಬಳೆಯಿಂದ ತಲಪಾಡಿಗೆ ಸುಮಾರು 20 ಕಿಲೋಮೀಟರು, ಹೋಗಿ ಬರುವಾಗ 40. ಲೀಟರಿಗೆ 40 ಕಿಲೋಮೀಟರು ಓಡುವ ಸ್ಕೂಟರಾದರೆ ಒಂದು ಲೀಟರು ಉರಿದು ಹೋಯಿತು. 25 ರೂಪಾಯಿ ಉಳಿಸಲು 100 ರೂಪಾಯಿ ಖರ್ಚು! ಕುಂಜತ್ತೂರಿನವನಿಗೆ ಲಾಭವಿರಬಹುದು, ದಿನವೂ ಮಂಗಳೂರಿಗೆ ಕೆಲಸಕ್ಕೆ ಹೋಗುವವನಿಗೆ ಖಂಡಿತ ಲಾಭವಿದೆ. ಅದಕ್ಕೆಂದೇ ಹೋಗುವ ಕುಂಬಳೆಯವನಿಗಿಲ್ಲ.

ಅಕ್ಕಿಯ ಲೆಕ್ಕವೂ ಹಾಗೆಯೇ. 25 ಕಿಲೋ ಕುಚ್ಚಲಕ್ಕಿಯಲ್ಲಿ ಕಿಲೋವಿಗೆ 3 ರೂಪಾಯಿ ಕಡಿಮೆಯಾದರೆ ಉಳಿಯುವುದು 75 ರೂಪಾಯಿ. ಗಂಡ ಹೆಂಡತಿ ಇಬ್ಬರು ಬಸ್ಸಿನಲ್ಲಿ ಹೋಗಿ ಬಂದ ಹಣ, ನಡುವಿನ ಚಹಾ ತಿಂಡಿ, ಇಳಿದ ಮೇಲೆ ಮೂಟೆಗೆ ರಿಕ್ಷಾ ಬಾಡಿಗೆ ಕಳೆದರೆ ಕೈಯಿಂದಲೇ ಹಾಕಬೇಕು. ಸ್ವಂತ ಕಾರಿನವರು ತಲಪಾಡಿಯ ಟೋಲನ್ನೂ ಸೇರಿಸಿಕೊಳ್ಳಲಿ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವೆಂದು ನಮ್ಮಲ್ಲಿ ಕೆಲವರು ಸಂತೋಷಪಟ್ಟಿದ್ದರು. ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ನಾವು ಕನ್ನಡಿಗರಾದರೂ ಅದರ ಮಟ್ಟಿಗೆ ಹೊರಗಿನವರು.

ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಅಮ್ಮನ ಒಂದು ದಿನದ ಬೀಡಿಯ ಮಜೂರಿಯನ್ನೂ ಬರೆಯಬೇಕೇ?" ಎಂದು ಕೇಳಿದಳು. ನಮಗೆ ಅದು ಹೊಳೆದಿರಲಿಲ್ಲ. ಪೇಟೆಗೆ ಹೋದ ದಿನ ತಾಯಿ ಬೀಡಿ ಕಟ್ಟುವುದಿಲ್ಲ, ತಂದೆ ಕೂಲಿಗೆ ಹೋಗುವುದಿಲ್ಲ. ಬಡವರ ಮನೆಯಲ್ಲಿ ಹೋದ ದಿನಕ್ಕೂ ಒಂದು ಕ್ರಯವಿದೆ. ಅದನ್ನೂ ಹಲಗೆಯ ಮೇಲೆ ಬರೆಸಿದೆವು.

ಇನ್ನೊಂದು ಸಂಗತಿ. ಆಚೆಯದನ್ನು ಅಗ್ಗವೆನ್ನುವ ಭರದಲ್ಲಿ ಈಚೆಯ ಅಗ್ಗವನ್ನು ನಾವು ಕಾಣುವುದಿಲ್ಲ. 1974ರಲ್ಲಿ ಆರಂಭವಾದ ಕೇರಳದ ಸಪ್ಲೈಕೋ ಸಂಸ್ಥೆಯ ಮಾವೇಲಿ ಅಂಗಡಿಗಳಲ್ಲಿ ಅಕ್ಕಿ, ಸಕ್ಕರೆ, ಬೇಳೆಕಾಳು, ಮೆಣಸು, ಕೊತ್ತಂಬರಿ, ತೆಂಗಿನೆಣ್ಣೆ ಮೊದಲಾದ 13 ಬಾಬುಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ. ಬಹುಕಾಲ ಒಂದೇ ಮಟ್ಟದಲ್ಲಿದ್ದ ಆ ದರವನ್ನು 2024ರ ಫೆಬ್ರವರಿಯಲ್ಲಿ ಪೇಟೆಯ ದರಕ್ಕಿಂತ ನೂರಕ್ಕೆ 35 ಕಡಿಮೆ ಎಂದು ಮಾರ್ಪಡಿಸಿದರು. 2025ರಲ್ಲಿ ತೆಂಗಿನೆಣ್ಣೆಯ ಕ್ರಯ ಆಕಾಶಕ್ಕೇರಿದಾಗ ಮಂಗಳೂರಿನ ಯಾವ ಅಂಗಡಿ ನಮಗೆ ಇಂಥ ರಿಯಾಯಿತಿ ಕೊಟ್ಟೀತು? ಈ ಅಂಗಡಿಗಳ ಮುಂದೆ ಸಾಲು ನಿಲ್ಲಲು ನಮ್ಮಲ್ಲಿ ಕೆಲವರಿಗೆ ಸಂಕೋಚ. ದರಪಟ್ಟಿ ಮಲಯಾಳದಲ್ಲಿದ್ದರೆ ಓದಲಾಗದ ಹಿರಿಯರಿಗೆ ಇನ್ನೂ ಹೆಚ್ಚಿನ ಸಂಕೋಚ. ಆಚೆಯವರಿಗೆ ಅಂಥ ಸಂಕೋಚವಿಲ್ಲ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಲ್ಲಿಸಿದ ಮೇಲೆ, 1967ರಿಂದ ನಡೆದು ಬಂದ ಕೇರಳದ ಸರಕಾರಿ ಲಾಟರಿಯ ಟಿಕೇಟಿಗಾಗಿ ಅವರು ತಲಪಾಡಿ ದಾಟಿ ಈಚೆಗೆ ಬರುತ್ತಾರೆ!

ಇಷ್ಟು ಹಣದ ಲೆಕ್ಕವಾಯಿತು. ನಮ್ಮನ್ನು ಈ ಲೇಖನಕ್ಕೆ ಹಚ್ಚಿದ್ದು ಬೇರೆಯೇ ಒಂದು ಲೆಕ್ಕ.

ನಮ್ಮ ಪೇಟೆಯಲ್ಲಿ ಒಂದು ಹಳೆಯ ಜೀನಸು ಅಂಗಡಿಯಿದೆ. ಹಲಗೆಯ ಮೇಲೆ ಕನ್ನಡ ಅಕ್ಷರ, ಲೆಕ್ಕದ ಪುಸ್ತಕದಲ್ಲಿಯೂ ಕನ್ನಡ ಅಕ್ಷರ. ಧನಿಗಳು ತುಳು, ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ ಎಲ್ಲವನ್ನೂ ಬಂದ ಗಿರಾಕಿಯ ಬಾಯಿ ನೋಡಿ ಆಡಬಲ್ಲರು. ಸಪ್ತಭಾಷಾ ಸಂಗಮಭೂಮಿಯೆಂದು ನಾವು ವೇದಿಕೆಯಲ್ಲಿ ಭಾಷಣ ಮಾಡುವುದನ್ನು ಅವರು ತಕ್ಕಡಿಯ ಹಿಂದೆ ಕುಳಿತು ದಿನವೂ ನಡೆಸುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಬಂದು, ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದ ದಿನಗಳು ಓದುಗರಿಗೆ ನೆನಪಿರಬಹುದು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಬಗ್ಗೆ ಒಂದು ತೀರ್ಮಾನವಾಗುವಷ್ಟರಲ್ಲಿ, ಮಂಗಳೂರಿನ ಆಸ್ಪತ್ರೆಗೆ ತಲಪಲಾಗದೆ ಪ್ರಾಣ ಬಿಟ್ಟವರ ಸುದ್ದಿಯನ್ನು ನಾವೆಲ್ಲರೂ ಓದಿದ್ದೆವು. ಆ ದಿನಗಳಲ್ಲಿ ಮಂಗಳೂರಿನ ದೊಡ್ಡ ಅಂಗಡಿಗಳು ನಮ್ಮ ಪಾಲಿಗೆ ಇರಲಿಲ್ಲ. ಈ ಅಂಗಡಿ ಇತ್ತು. ಕೈಯಲ್ಲಿ ಕಾಸಿಲ್ಲದ ಮನೆಗಳಿಗೂ ಧನಿಗಳು ಅಕ್ಕಿ, ಉಪ್ಪು, ಎಣ್ಣೆ ಕಟ್ಟಿಕೊಟ್ಟು ಪುಸ್ತಕದಲ್ಲಿ ಕಡ ಬರೆದುಕೊಂಡರು. ಸಂಬಳ ಬರುವವರಾದ ನಾವೂ ಆ ಪುಸ್ತಕದಲ್ಲಿದ್ದೆವು.

ಗಡಿ ತೆರೆಯಿತು. ನಾವು ಮತ್ತೆ ಬಸ್ಸು ಹತ್ತಿದೆವು. ಒಂದು ಜೂನ್ ತಿಂಗಳಲ್ಲಿ ಮಕ್ಕಳಿಗೆ ಕೊಡೆ, ಚೀಲ, ಜೊತೆಗೆ ತಿಂಗಳ ಸಾಮಾನು ಕೊಂಡು ಮಂಗಳೂರಿನಿಂದ ಬಂದು ಇಳಿಯುವಾಗ ಧೋ ಎಂದು ಮಳೆ. ಇಳಿದದ್ದು ಸರಿಯಾಗಿ ಆ ಅಂಗಡಿಯ ಎದುರು. "ಮಳೆ ಜೋರುಂಟು, ಒಳಗೆ ಬನ್ನಿ ಮಾಸ್ಟ್ರೆ" ಎಂದು ಕರೆದ ಧನಿಗಳು ನಮ್ಮ ಸಕ್ಕರೆಯ ಪೊಟ್ಟಣ ನೆನೆಯದಿರಲೆಂದು ಒಂದು ಪ್ಲಾಸ್ಟಿಕ್ ಹಾಳೆ ಕೊಟ್ಟರು. ಚೀಲದ ಮೇಲಿದ್ದ ಮಂಗಳೂರಿನ ಅಂಗಡಿಯ ಹೆಸರನ್ನು ಅವರು ಓದಿರಲಾರರೆಂದು ಹೇಳುವಂತಿಲ್ಲ. ನಮಗೆ ನಾಚಿಕೆಯಾಯಿತು. ಮಾತಿಗೆಂದು "ವ್ಯಾಪಾರ ಹೇಗುಂಟು?" ಎಂದು ಕೇಳಿದೆವು.

"ಎಂಥ ವ್ಯಾಪಾರ ಮಾಸ್ಟ್ರೆ? ದೊಡ್ಡ ಸಾಮಾನಿಗೆಲ್ಲ ಜನ ಮಂಗಳೂರಿಗೆ ಹೋಗ್ತಾರೆ. ಉಪ್ಪು ಮುಗಿದರೆ, ಬೆಂಕಿಪೊಟ್ಟಣ ಮುಗಿದರೆ ನನ್ನಲ್ಲಿಗೆ ಬರ್ತಾರೆ. ಉಪ್ಪು ಮಾರಿ ಅಂಗಡಿ ನಡೀತದಾ? ನನ್ನ ಕಾಲಕ್ಕೆ ಇದು ಮುಗೀತದೆ" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ.

ಈ ಅಂಗಡಿ ಮುಚ್ಚಿದರೆ ಹೋಗುವುದು ಒಬ್ಬರ ವ್ಯಾಪಾರ ಮಾತ್ರವೇ? ನಮ್ಮ ಶಾಲೆಯಲ್ಲಿ ಕನ್ನಡ ಕಲಿತ ಮಗು ಶಾಲೆಯ ಗೇಟು ದಾಟಿದ ಮೇಲೆ ಆ ಅಕ್ಷರವನ್ನು ಎಲ್ಲಿ ಓದಬೇಕು? ಹತ್ತನೆಯ ತರಗತಿ ಮುಗಿಸಿ ಮುಂದೆ ಓದಲಾಗದ ನಮ್ಮ ಮಕ್ಕಳಿಗೆ, ಕನ್ನಡ ಬಲ್ಲರೆಂಬ ಕಾರಣಕ್ಕೇ ಕೆಲಸ ಸಿಗುವ ಜಾಗ ಇಂಥ ಅಂಗಡಿಗಳೇ. ಗಿರಾಕಿ ಕನ್ನಡದವನಾದರೆ ಅಂಗಡಿಯ ಮಾತೂ ಕನ್ನಡ. ಇದು ಕನ್ನಡದ ವ್ಯಾಪಾರಿಗಳಿಗೆ ಮಾತ್ರ ಸಲ್ಲುವ ಮಾತಲ್ಲ. ಮಲಯಾಳ ಮನೆಮಾತಿನ ವ್ಯಾಪಾರಿಗಳು ನಮ್ಮ ಪೇಟೆಗಳಲ್ಲಿ ಚೆನ್ನಾಗಿ ಕನ್ನಡ ಆಡುತ್ತಾರೆ, ಹಲಗೆಯನ್ನೂ ಬರೆಸುತ್ತಾರೆ. ನಾವು ಅವರಲ್ಲಿಗೆ ಹೋಗುತ್ತೇವೆಂಬುದೇ ಅದಕ್ಕೆ ಕಾರಣ. ನಾವು ಹೋಗುವುದನ್ನು ಬಿಟ್ಟರೆ ಅವರು ಯಾರಿಗಾಗಿ ಕನ್ನಡ ಬರೆಸಬೇಕು? ಪೇಟೆಯಲ್ಲಿ ಕನ್ನಡ ಹಲಗೆ ಮರೆಯಾಯಿತೆಂದು ನಾವು ಮನವಿ ಕೊಡುತ್ತೇವೆ, ಸಭೆ ಸೇರುತ್ತೇವೆ. ಆ ಸಭೆಗೆ ಹಾಕಿಕೊಂಡು ಹೋದ ಅಂಗಿಯನ್ನು ಎಲ್ಲಿ ಕೊಂಡದ್ದೆಂದು ಯಾರೂ ಕೇಳುವುದಿಲ್ಲ.

ಮಂಗಳೂರಿಗೆ ಹೋಗಲೇಬಾರದೆಂದು ನಾವು ಹೇಳುತ್ತಿಲ್ಲ. ದೊಡ್ಡ ಕಾಯಿಲೆಗೆ ಹೋಗಬೇಕು, ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕೆ ಹೋಗಬೇಕು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಅಲ್ಲಿಂದೀಚೆಗೆ ನಮ್ಮ ರೋಗಿಗಳು ಎಷ್ಟು ಸಲ ತಲಪಾಡಿ ದಾಟಿದ್ದಾರೆಂಬುದು ಪ್ರತಿ ಮನೆಗೂ ಗೊತ್ತು. ಬಂಧುಬಳಗ ಅಲ್ಲಿದೆ, ದೇವಸ್ಥಾನಗಳಿವೆ, ಯಕ್ಷಗಾನವಿದೆ. ಹೋದವರು ಬರುವಾಗ ಒಂದು ಸೀರೆ ತಂದರೆ ಯಾರೂ ಆಕ್ಷೇಪಿಸಲಾರರು. ಅಭ್ಯಾಸದ ಬಲದಿಂದ, ಲೆಕ್ಕವಿಲ್ಲದೆ, ಇಲ್ಲಿ ಸಿಗುವುದನ್ನೂ ಅಲ್ಲಿಂದಲೇ ಹೊರುವುದನ್ನು ಬಿಡಬೇಕೆಂಬುದಷ್ಟೇ ನಮ್ಮ ಮಾತಿನ ತಾತ್ಪರ್ಯ.

ನಮ್ಮ ವ್ಯಾಪಾರಿಗಳಿಗೂ ಹೇಳತಕ್ಕದ್ದಿದೆ. ಗಿರಾಕಿ ಹೋಗುವುದು ಬರಿಯ ಭ್ರಮೆಯಿಂದಲ್ಲ. ಮಂಗಳೂರಿನ ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಬೆಲೆಯಿಂದ ಸ್ವಲ್ಪ ಇಳಿಸಿ ಕೊಡುತ್ತಾರೆ, ಹತ್ತು ಬಗೆ ತೋರಿಸುತ್ತಾರೆ, ಬಿಲ್ಲು ಕೊಡುತ್ತಾರೆ. ನಮ್ಮಲ್ಲಿ ಕೆಲವು ಕಡೆ ಅಚ್ಚು ಹಾಕಿದ ಗರಿಷ್ಠ ಬೆಲೆಯೇ ಕನಿಷ್ಠ ಬೆಲೆಯೂ ಆಗಿರುತ್ತದೆ. ಬಿಲ್ಲು ಕೇಳಿದರೆ ಮುಖ ಗಂಟಿಕ್ಕುತ್ತದೆ. ಇದು ಸರಿಯಲ್ಲ. ದಿನದ ಕ್ರಯವನ್ನು ಕನ್ನಡ, ಮಲಯಾಳ ಎರಡರಲ್ಲಿಯೂ ಹಲಗೆಯ ಮೇಲೆ ಬರೆದು ತೂಗಹಾಕಲಿ. ಕೊಳ್ಳುವವನು ನೋಡಿ ಹೋಲಿಸಲಿ.

ಸರಕಾರಿ ಅಂಗಡಿಗಳ ವಿಷಯದಲ್ಲಿ ನಾವು ಬಾಯಿ ತೆರೆದು ಕೇಳಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ಕೊಟ್ಟಿದೆ. ಮಾವೇಲಿ ಅಂಗಡಿಯಲ್ಲಿ, ಪಡಿತರದ ಅಂಗಡಿಯಲ್ಲಿ ಕನ್ನಡ ದರಪಟ್ಟಿ ಇಲ್ಲದ ಕಡೆ ಒಂದು ಕಾಗದ ಬರೆದು ಕೇಳುವುದಕ್ಕೆ ಖರ್ಚೇನೂ ಇಲ್ಲ. ಬರೆಯಲು ಬಾರದವರು ಹತ್ತಿರದ ಕನ್ನಡ ಶಾಲೆಗೆ ಬಂದರೆ ಅಧ್ಯಾಪಕರು ಬರೆದುಕೊಡಬಲ್ಲರು.

ಕೊನೆಯದಾಗಿ ಒಂದು ಮಾತು. ಅಡಿಕೆಯ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಕೇರಳಗಳೆರಡರ ಬೆಳೆಗಾರರೂ ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ಗಡಿಯ ಎರಡೂ ಕಡೆಯ ಅಡಿಕೆಗೆ ಒಂದು ಸಂಸ್ಥೆ ನಿಂತಿತು. ಮಾರುವಾಗ ಒಟ್ಟಾಗಲು ಬಲ್ಲ ನಾವು ಕೊಳ್ಳುವಾಗ ಏಕೆ ಒಬ್ಬೊಬ್ಬರಾಗಿ ಚೀಲ ಹಿಡಿದು ಬಸ್ಸು ಹತ್ತಬೇಕು? ನಮ್ಮ ಊರಿನ ಸಹಕಾರಿ ಸಂಘಗಳು, ಇಲ್ಲವೇ ನಾಲ್ಕಾರು ಸಣ್ಣ ಅಂಗಡಿಯವರು ಸೇರಿ, ಮಂಗಳೂರಿನ ಬಂದರಿನಿಂದ ಒಂದೇ ಲಾರಿಯಲ್ಲಿ ಸಗಟಾಗಿ ಸಾಮಾನು ತಂದರೆ ಅಲ್ಲಿಯ ಅಗ್ಗ ನಮ್ಮ ಮನೆಬಾಗಿಲಿಗೇ ಬರುತ್ತದೆ. ಒಬ್ಬೊಬ್ಬರ ಬಸ್ಸಿನ ಹಣವೂ ಉಳಿಯುತ್ತದೆ, ತಾಯಿಯ ಒಂದು ದಿನದ ಬೀಡಿಯೂ ಉಳಿಯುತ್ತದೆ.

ಆ ಹಳೆಯ ಅಂಗಡಿ ಇನ್ನೂ ಬಾಗಿಲು ಹಾಕಿಲ್ಲ. ಈ ಸಲದ ಕೊಡೆಗಳನ್ನು ನಾವು ನಮ್ಮ ಪೇಟೆಯಲ್ಲಿಯೇ ಕೊಂಡೆವು. ಕೊಡೆಯೊಂದಕ್ಕೆ 20 ರೂಪಾಯಿ ಹೆಚ್ಚು ಕೊಟ್ಟೆವೆಂದು ಮನೆಯಲ್ಲಿ ಸಣ್ಣ ಚರ್ಚೆಯೂ ನಡೆಯಿತು. ಬಸ್ಸಿನ ಟಿಕೇಟಿನ ಲೆಕ್ಕ ಹೇಳಿದ ಮೇಲೆ ಅದು ಅಲ್ಲಿಗೇ ನಿಂತಿತು. ಓದುಗರು ಮುಂದಿನ ಸಲ ತಲಪಾಡಿಯ ಕಡೆಗೆ ಬಸ್ಸು ಹತ್ತುವ ಮೊದಲು ತಮ್ಮ ಪೇಟೆಯ ಅಂಗಡಿಯಲ್ಲಿ ಒಮ್ಮೆ ಕ್ರಯ ಕೇಳಿ ನೋಡಬೇಕೆಂದು ನಮ್ಮ ವಿನಂತಿ.